ಇಬ್ನ್ ಖಲ್ದೂನ್ ಕೈರೋವನ್ನು ಆರಿಸಿಕೊಂಡದ್ದೇಕೆ?

ಬಾಡಿಗೆ ಮನೆ ಹುಡುಕುವಾಗ ನಾವು ಮೊದಲು ಕೇಳುವುದು ನೀರು ಸರಿಯಾಗಿ ಬರುತ್ತದೆಯೇ ಎಂದು. ಆಮೇಲೆ ಮಸೀದಿ ಎಷ್ಟು ದೂರ, ಮಕ್ಕಳಿಗೆ ಮದ್ರಸ ಎಲ್ಲಿ, ನೆರೆಹೊರೆ ಹೇಗೆ ಎಂದೆಲ್ಲ ವಿಚಾರಿಸುತ್ತೇವೆ. ಒಂದು ಊರು ವಾಸಕ್ಕೆ ಯೋಗ್ಯವಾಗುವುದು ಯಾವುದರಿಂದ ಎಂಬುದನ್ನು ಆರುನೂರು ವರ್ಷಗಳ ಹಿಂದೆಯೇ ಯೋಚಿಸಿ ಬರೆದಿಟ್ಟವರು ಇಬ್ನ್ ಖಲ್ದೂನ್(ರ). ಐವತ್ತನೆಯ ವಯಸ್ಸಿನಲ್ಲಿ ಅವರೂ ತಮಗೊಂದು ನಗರವನ್ನು ಹುಡುಕಿಕೊಂಡು ಹೊರಟರು.

1332ರಲ್ಲಿ ಟುನಿಸ್‌ನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಪ್ಲೇಗ್ ಪಿಡುಗಿಗೆ ತಂದೆತಾಯಿಯನ್ನು ಕಳೆದುಕೊಂಡರು. ಮುಂದೆ ಫೆಝ್, ಗ್ರನಾಡಗಳ ಆಸ್ಥಾನಗಳಲ್ಲಿ ದುಡಿದರು. ಫೆಝ್‌ನಲ್ಲಿ ಎರಡು ವರ್ಷದಷ್ಟು ಸೆರೆವಾಸವನ್ನೂ ಕಂಡರು. 1364ರಲ್ಲಿ ಗ್ರನಾಡದ ರಾಯಭಾರಿಯಾಗಿ ಸೆವಿಲ್ಲೆಗೆ ಹೋದರು. ಅದು ಅವರ ಪೂರ್ವಿಕರ ಊರು. ಕ್ರೈಸ್ತ ಅರಸರ ಕೈಸೇರಿ ನೂರು ವರ್ಷ ಕಳೆದಿತ್ತು. ಅಲ್ಲಿಯ ದೊರೆ ಪೆಡ್ರೊ, ಇಲ್ಲೇ ನಿಂತರೆ ನಿಮ್ಮ ಮನೆತನದ ಆಸ್ತಿಯನ್ನು ಮರಳಿಸುತ್ತೇನೆ ಎಂದ. ಇಬ್ನ್ ಖಲ್ದೂನ್ ಒಪ್ಪಲಿಲ್ಲ. ಹಿರಿಯರ ಮನೆ, ತೋಟ ಸಿಗುತ್ತದೆಂದರೆ ನಮ್ಮಲ್ಲಿ ಎಷ್ಟು ಮಂದಿ ಬೇಡ ಅನ್ನುತ್ತೇವೆ?

1377ರಲ್ಲಿ ಇಂದಿನ ಅಲ್ಜೀರಿಯದ ಒಂದು ಒಂಟಿ ಕೋಟೆಯಲ್ಲಿ ಕುಳಿತು ಐದೇ ತಿಂಗಳಲ್ಲಿ ಅವರು ‘ಮುಕದ್ದಿಮ’ವನ್ನು ಬರೆದರು. ನಗರ ಕಟ್ಟುವವರು ಶುದ್ಧ ಗಾಳಿ, ಸಿಹಿನೀರು, ಮೇವು, ಹೊಲಗದ್ದೆ, ಸೌದೆ ಇವೆಲ್ಲ ಹತ್ತಿರದಲ್ಲಿವೆಯೇ ಎಂದು ನೋಡಬೇಕೆಂದು ಅದರಲ್ಲಿ ವಿವರಿಸಿದ್ದಾರೆ. ಕೂಫಾ, ಬಸ್ರಾ, ಕೈರುವಾನ್‌ಗಳನ್ನು ಕಟ್ಟಿದವರು ಒಂಟೆಯ ಮೇವನ್ನೂ ಮರುಭೂಮಿಯ ದಾರಿಯನ್ನೂ ಮಾತ್ರ ಲೆಕ್ಕಕ್ಕೆ ಹಿಡಿದರು, ಆದ್ದರಿಂದಲೇ ಆ ನಗರಗಳು ಬೇಗ ಸೊರಗಿದವು ಎಂದೂ ಬರೆದರು. ಸಹಾಬಿಗಳ ಕಾಲದ ನಗರಗಳೆಂದು ಅವರು ದಾಕ್ಷಿಣ್ಯ ತೋರಲಿಲ್ಲ. ಇತಿಹಾಸ ಬರೆಯುವವರಿಗೆ ಇರಬೇಕಾದ ಗುಣವಿದು ಎನ್ನುವುದು ನಮ್ಮ ಅಭಿಪ್ರಾಯ.

ಹಾಗಾದರೆ ಅವರು ಕೈರೋಗೆ ಹೋದದ್ದು ನೈಲ್ ನದಿಯ ನೀರಿಗಾಗಿಯೇ? ಉತ್ತರದ ಸುಳಿವು ‘ಮುಕದ್ದಿಮ’ದ ಇನ್ನೊಂದು ಭಾಗದಲ್ಲಿದೆ. ಕೈರೋದಲ್ಲಿ ವಿದ್ಯೆ ಏಕೆ ಬೆಳೆಯಿತು ಎಂಬುದಕ್ಕೆ ಅವರು ಕೊಡುವ ಕಾರಣ ಕುತೂಹಲಕರವಾಗಿದೆ. ಅಲ್ಲಿಯ ತುರ್ಕಿ ಅಮೀರರಿಗೆ ತಮ್ಮ ಬಳಿಕ ಸುಲ್ತಾನರು ಆಸ್ತಿಯನ್ನು ಕಿತ್ತುಕೊಂಡಾರು ಎಂಬ ಭಯವಿತ್ತು. ಅದಕ್ಕೆ ಅವರು ಮದ್ರಸ, ಸೂಫಿ ಖಾನ್‌ಖಾಗಳನ್ನು ಕಟ್ಟಿಸಿ, ಅವುಗಳಿಗೆ ಜಮೀನನ್ನು ವಕ್ಫ್ ಮಾಡಿ, ಉಸ್ತುವಾರಿಯನ್ನು ತಮ್ಮ ಮಕ್ಕಳಿಗೇ ಒಪ್ಪಿಸುತ್ತಿದ್ದರು. ಆದಾಯದಲ್ಲಿ ಮಕ್ಕಳಿಗೂ ಒಂದು ಪಾಲು ಸಿಗುತ್ತಿತ್ತು. ಪುಣ್ಯದ ಆಸೆಯೂ ಇತ್ತು, ಆಸ್ತಿಯ ಚಿಂತೆಯೂ ಇತ್ತು. ಎರಡನ್ನೂ ಇಬ್ನ್ ಖಲ್ದೂನ್ ಮುಚ್ಚಿಡದೆ ಬರೆದಿದ್ದಾರೆ. ಹೀಗೆ ವಕ್ಫ್ ಹೆಚ್ಚಿತು, ಕಲಿಯುವವರಿಗೂ ಕಲಿಸುವವರಿಗೂ ಜೀವನೋಪಾಯ ದೊರೆಯಿತು, ದೂರದೂರದಿಂದ ಜನ ಬಂದರು.

ಅವರಲ್ಲಿ ಇಬ್ನ್ ಖಲ್ದೂನ್ ಕೂಡ ಒಬ್ಬರಾದರು. ಟುನಿಸ್‌ನ ಆಸ್ಥಾನದಲ್ಲಿ ಚಾಡಿಮಾತು ಹೆಚ್ಚಿದಾಗ, 1382ರಲ್ಲಿ ಹಜ್ಜ್‌ಗೆ ಹೋಗುವೆನೆಂದು ಅನುಮತಿ ಪಡೆದು ಅಲೆಕ್ಸಾಂಡ್ರಿಯದ ಹಡಗು ಹತ್ತಿದರು. ಆ ವರ್ಷ ಹಜ್ಜ್ ಕೂಡಿಬರಲಿಲ್ಲ, ಕೈರೋಗೆ ಹೋದರು. ಅಲ್-ಅಝ್‌ಹರ್‌ನಲ್ಲಿ ಪಾಠ ಹೇಳಿದರು. 1384ರಲ್ಲಿ ಸುಲ್ತಾನ ಬರ್ಕೂಕ್ ಅವರನ್ನು ಮಾಲಿಕಿ ಖಾಝಿಯಾಗಿ ನೇಮಿಸಿದ.

ಹೆಂಡತಿ ಮಕ್ಕಳು ಮಾತ್ರ ಟುನಿಸ್‌ನಲ್ಲೇ ಉಳಿದಿದ್ದರು. ಅವರಿದ್ದರೆ ಇಬ್ನ್ ಖಲ್ದೂನ್ ಮರಳಿ ಬರುವರೆಂದು ಅಲ್ಲಿಯ ಸುಲ್ತಾನ ಅವರನ್ನು ಬಿಟ್ಟಿರಲಿಲ್ಲ. ಬರ್ಕೂಕ್ ಪತ್ರ ಬರೆದು ಕೇಳಿಕೊಂಡ ಮೇಲೆ ಅವರನ್ನು ಕಳುಹಿಸಿಕೊಟ್ಟರು. ಆ ಹಡಗು ಅಲೆಕ್ಸಾಂಡ್ರಿಯದ ಸಮೀಪ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ದುಡಿಮೆಗಾಗಿ ಪರದೇಶಕ್ಕೆ ಹೋಗಿ, ಮನೆಯವರ ವೀಸಾಕ್ಕಾಗಿ ವರ್ಷಗಟ್ಟಲೆ ಕಾದವರಿಗೆ ಆ ಕಾಯುವಿಕೆಯ ಭಾರವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಖಾಝಿಯ ಹುದ್ದೆಯೂ ಹೆಚ್ಚು ದಿನ ಉಳಿಯಲಿಲ್ಲ. ಲಂಚಕ್ಕೆ, ಶಿಫಾರಸಿಗೆ ಬಗ್ಗದ ಅವರ ಮೇಲೆ ಅದೇ ಕೈರೋದಲ್ಲಿ ದೂರುಗಳು ಎದ್ದಿದ್ದವು. 1387ರಲ್ಲಿ ಅವರು ಹಜ್ಜ್‌ಗೆ ಹೊರಟರು. ಅದನ್ನು ಪೂರೈಸಿ ಕೈರೋಗೇ ಮರಳಿದರು. ಮತ್ತೆ ಪಾಠ, ಮತ್ತೆ ಬರವಣಿಗೆ, ಹಲವು ಬಾರಿ ಖಾಝಿಯ ನೇಮಕ ಮತ್ತು ವಜಾ. 1406ರಲ್ಲಿ ತೀರಿಕೊಂಡಾಗ ಬಾಬುನ್ನಸ್ರ್ ದ್ವಾರದ ಹೊರಗಿನ ಸೂಫಿಗಳ ಕಬರಸ್ತಾನದಲ್ಲಿ ಅವರನ್ನು ದಫನ ಮಾಡಲಾಯಿತು.