ಕಲ್ಲು ಹಿಂಡಿ ಎಣ್ಣೆ ತೆಗೆಯಲು ಹೋದವರು

1982ರ ಮೇ 2, ಭಾನುವಾರ. ಅಮೆರಿಕದ ಕೊಲೊರಾಡೊ ರಾಜ್ಯದ ಪ್ಯಾರಾಶೂಟ್ ಎಂಬ ಸಣ್ಣ ಊರಿನ ಬಳಿ ನಡೆಯುತ್ತಿದ್ದ ಕಾಲೊನಿ ಯೋಜನೆಯನ್ನು ನಿಲ್ಲಿಸುವುದಾಗಿ ಎಕ್ಸಾನ್ ಕಂಪನಿ ಹೇಳಿತು. 2,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅಲ್ಲಿನವರು ಆ ದಿನವನ್ನು ಇಂದಿಗೂ ‘ಕರಾಳ ಭಾನುವಾರ’ ಎನ್ನುತ್ತಾರೆ.

ಅವರು ತೆಗೆಯಲು ಹೊರಟಿದ್ದು ಕಲ್ಲೊಳಗಿನ ಎಣ್ಣೆ. ನಿಜ ಹೇಳಬೇಕೆಂದರೆ ಆ ಕಲ್ಲಿನಲ್ಲಿ ಎಣ್ಣೆಯೇ ಇಲ್ಲ. ಕೆರೋಜೆನ್ ಎಂಬ ಗಟ್ಟಿ ಪದಾರ್ಥ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ದೊಡ್ಡ ಕೆರೆಗಳ ತಳದಲ್ಲಿ ಪಾಚಿ ಕೊಳೆತು ಆದದ್ದು. ಭೂಮಿ ಅದನ್ನು ಇನ್ನೂ ಬೇಯಿಸಿ ಎಣ್ಣೆ ಮಾಡಿಲ್ಲ. ಆ ಕೆಲಸ ನಾವೇ ಮಾಡಬೇಕು: ಕಲ್ಲು ಅಗೆದು, ಪುಡಿ ಮಾಡಿ, ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಇಷ್ಟು ಮಾಡಿದರೆ ಒಂದು ಟನ್ ಒಳ್ಳೆಯ ಕಲ್ಲಿನಿಂದ ಸಿಗುವುದು ಸುಮಾರು 100 ಲೀಟರ್. (ಈಗ ಸುದ್ದಿಯಲ್ಲಿ ಬರುವ ‘ಶೇಲ್ ಆಯಿಲ್’ ಬೇರೆ. ಅದು ಬಂಡೆಯಲ್ಲಿ ಸಿಕ್ಕಿಕೊಂಡ ನಿಜವಾದ ಎಣ್ಣೆ.)

ಉಳಿದ ಕಲ್ಲೇ ದೊಡ್ಡ ತಲೆನೋವು. ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆ ಒಲೆಗಾದರೂ ಆಗುತ್ತದೆ. ಇಲ್ಲಿ ಪುಡಿಯಾಗಿ ಸುಟ್ಟ ಕಲ್ಲು ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಅಗೆದ ಗುಂಡಿಗೆ ವಾಪಸು ಪೂರ್ತಿ ಹಿಡಿಸುವುದಿಲ್ಲ. ಕಣಿವೆಗೆ ಸುರಿದರೆ ಮಳೆನೀರಿಗೆ ಅದರ ಉಪ್ಪು ಕರಗಿ ಹೊಳೆ ಸೇರುತ್ತದೆ. ಧೂಳು ಕೂರಿಸಲು, ಬೂದಿಯ ರಾಶಿ ತಣಿಸಲು ಮತ್ತೆ ನೀರು ಬೇಕು. ಒಂದು ಪೀಪಾಯಿ ಎಣ್ಣೆಗೆ ಒಂದರಿಂದ ಮೂರು ಪೀಪಾಯಿ ನೀರು ಎಂಬುದು ಅಂದಾಜು. ಅದೂ ಏಳು ರಾಜ್ಯಗಳು ಮತ್ತು ಮೆಕ್ಸಿಕೊ ಹಂಚಿಕೊಳ್ಳುವ ಕೊಲೊರಾಡೊ ನದಿಯ ಸೀಮೆಯಲ್ಲಿ! ಕಾವೇರಿ ಜಗಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಯೋಜನೆಯನ್ನು ನಿಲ್ಲಿಸಿದ್ದು ನೀರಲ್ಲ, ದುಡ್ಡು. 1973ರ ನಂತರ ತೈಲದ ಬೆಲೆ ಏರಿದ್ದಕ್ಕೇ ಈ ಕಲ್ಲಿಗೆ ಬೆಲೆ ಬಂದಿತ್ತು. 1982ರ ಹೊತ್ತಿಗೆ ತೈಲದ ಬೆಲೆ ಇಳಿಯುತ್ತಿತ್ತು, ಖರ್ಚಿನ ಅಂದಾಜು 500 ಕೋಟಿ ಡಾಲರ್ ದಾಟಿತ್ತು.

ಮುಂದೆ ಶೆಲ್ ಕಂಪನಿ ಕಲ್ಲನ್ನು ಅಗೆಯದೆ, ನೆಲದೊಳಗೇ ವಿದ್ಯುತ್ ಹೀಟರ್ ಇಳಿಸಿ ಕಾಯಿಸಿ ನೋಡಿತು. ಅಂತರ್ಜಲ ಕೆಡದಿರಲೆಂದು ಸುತ್ತಲೂ ಮಣ್ಣನ್ನೇ ಹೆಪ್ಪುಗಟ್ಟಿಸಿ ಮಂಜಿನ ಗೋಡೆ ಎಬ್ಬಿಸುವ ಪ್ರಯೋಗ ಮಾಡಿತು. ಒಳಗೆ ಬೆಂಕಿ, ಸುತ್ತ ಮಂಜು, ಎರಡಕ್ಕೂ ಕರೆಂಟು. 2013ರಲ್ಲಿ ಅದೂ ಕೈಬಿಟ್ಟಿತು.

ಪ್ಯಾರಾಶೂಟ್ ಎದುರಿಗೆ ಕಾರ್ಮಿಕರಿಗಾಗಿ ಎಕ್ಸಾನ್ ಕಟ್ಟುತ್ತಿದ್ದ ಬ್ಯಾಟಲ್‌ಮೆಂಟ್ ಮೆಸಾ ಊರಿನ ಮನೆಗಳನ್ನು ಆಮೇಲೆ ನಿವೃತ್ತರಿಗೆ ಮಾರಲಾಯಿತು.