ಲೆಕ್ಕಕ್ಕೆ ಸಿಗದ ಕಾವು

1897ರ ಫೆಬ್ರವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯೊಂದರಲ್ಲಿ ರುಡಾಲ್ಫ್ ಡೀಸೆಲ್‌ನ ಎಂಜಿನ್ನಿನ ಅಧಿಕೃತ ಪರೀಕ್ಷೆ ನಡೆಯಿತು. ಪರೀಕ್ಷಿಸಿದವರು ಪ್ರೊಫೆಸರ್ ಮೋರಿಟ್ಸ್ ಶ್ರೋಟರ್. ಇಂಧನದಲ್ಲಿದ್ದ ಶಾಖದ ಸುಮಾರು ಶೇಕಡಾ 26ರಷ್ಟು ಕೆಲಸವಾಗಿ ಬದಲಾಗಿತ್ತು. ಅಂದಿನ ಸಾಮಾನ್ಯ ಉಗಿಯಂತ್ರಗಳು ಇದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. ಎಂಜಿನ್ನುಗಳ ಚರಿತ್ರೆಯನ್ನು ಬರೆದವರು ಈ 26ನ್ನು ಹಿಡಿದುಕೊಂಡೇ ಹೊರಡುತ್ತಾರೆ. ಅದು ಮೂವತ್ತಾದದ್ದು, ನಲವತ್ತು ದಾಟಿದ್ದು ಅವರ ಕತೆ. ನನಗೆ ಕುತೂಹಲವಿರುವುದು ಉಳಿದ 74ರ ಬಗ್ಗೆ. ವ್ಯರ್ಥ ಎಂದು ಬದಿಗಿಟ್ಟ ಆ ಪಾಲಿಗೂ ಒಂದು ಚರಿತ್ರೆಯಿದೆ.

ಕೆಲಸಕ್ಕೆ ಬಾರದ ಶಾಖದಲ್ಲಿ ಒಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಇನ್ನೊಂದು ಪಾಲು ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರಿ ರೇಡಿಯೇಟರಿನ ಮೂಲಕ ಗಾಳಿಗೆ ಹೋಗುತ್ತದೆ. ಮುಚ್ಚಿದ ಕಾರುಗಳು ಸಾಮಾನ್ಯವಾದ ಮೇಲೆ, ಚಳಿದೇಶಗಳಲ್ಲಿ ಈ ಬಿಸಿನೀರನ್ನು ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೂ ಹರಿಸಿ, ಫ್ಯಾನಿನಿಂದ ಅದರ ಕಾವನ್ನು ಒಳಗೆ ಊದುವುದು ರೂಢಿಯಾಯಿತು. ನಮ್ಮ ಹಳೆಯ ಅಡುಗೆಮನೆಗಳ ಕೋಡೊಲೆಯ ತತ್ವವೇ ಇದು: ಸೌದೆ ಉರಿಯುವುದು ಮುಂದಿನ ಪಾತ್ರೆಗೆ, ತಪ್ಪಿಸಿಕೊಂಡ ಉರಿಯಲ್ಲಿ ಪಕ್ಕದ ನೀರು ಕಾಯುತ್ತದೆ. ಹೀಗೆ ಕಾರಿನ ಬೆಚ್ಚಗೆ ಬಿಟ್ಟಿಯಾಗಿ ಸಿಗತೊಡಗಿತು. ಬಿಟ್ಟಿ ಸಿಕ್ಕಿದ್ದನ್ನು ಯಾರೂ ಲೆಕ್ಕ ಬರೆದಿಡುವುದಿಲ್ಲ.

ಎಲ್ಲ ಕಾರುಗಳಿಗೂ ಈ ಅನುಕೂಲವಿರಲಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ನು ಗಾಳಿಯಿಂದಲೇ ತಣಿಯುವಂಥದ್ದು, ಅದೂ ಹಿಂಬದಿಯಲ್ಲಿ. ಅಲ್ಲಿಯ ಕಾವು ಬಾಗಿಲಡಿಯ ಪೊಳ್ಳು ಚೌಕಟ್ಟಿನ ಮೂಲಕ ಮುಂದಿನವರ ಕಾಲಬುಡಕ್ಕೆ ಬರುವಷ್ಟರಲ್ಲಿ ಅರ್ಧ ಆರಿಹೋಗುತ್ತಿತ್ತು. ಹಾಗಾಗಿ ಹೆಚ್ಚು ಹಣ ಕೊಟ್ಟವರಿಗೆ ಪೆಟ್ರೋಲ್ ಸುಟ್ಟು ಗಾಳಿ ಕಾಯಿಸುವ ಪ್ರತ್ಯೇಕ ಹೀಟರ್ ದೊರೆಯುತ್ತಿತ್ತು. ಇಂಥ ಹೀಟರುಗಳಿಗೆ ಹೆಸರಾದ ಎರಡು ಕಂಪನಿಗಳೂ ಹುಟ್ಟಿದ್ದು ಜರ್ಮನಿಯ ಎಸ್ಲಿಂಗನ್ ಎಂಬ ಒಂದೇ ಊರಿನಲ್ಲಿ. ಯಾಕೋಬ್ ಎಬರ್‌ಸ್ಪೆಖರ್ 1865ರಲ್ಲಿ ಅಲ್ಲಿ ತಗಡು ಕೆಲಸದ ಅಂಗಡಿ ತೆರೆದ. ವಿಲ್ಹೆಲ್ಮ್ ಬಾಯರ್ 1901ರಲ್ಲಿ ಅಲ್ಲೇ ತಂತಿ ಮತ್ತು ಕಬ್ಬಿಣದ ಸಾಮಾನಿನ ಕಾರ್ಖಾನೆ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಮ್ಯೂನಿಕ್ ಬಳಿಯ ಸ್ಟಾಕ್‌ಡಾರ್ಫ್‌ಗೆ ಹೋದ. ಅವನ ಹೆಸರಿನ ಮತ್ತು ಆ ಊರಿನ ಮೊದಲ ಅಕ್ಷರಗಳನ್ನು ಕೂಡಿಸಿದ ಹೆಸರೇ ವೆಬಾಸ್ಟೊ. ಆದರೂ ಬಹುಕಾಲ ಇವರ ಹೀಟರುಗಳು ಲಾರಿ ಚಾಲಕರಿಗೆ, ಬಸ್ಸುಗಳಿಗೆ, ಗಾಳಿಯಿಂದ ತಣಿಯುವ ಕಾರುಗಳಿಗೆ ಬೇಕಾದ ವಿಶೇಷ ಸಲಕರಣೆಯಾಗಿಯೇ ಉಳಿದವು.

ಚಿತ್ರ ಬದಲಾದದ್ದು ಎಂಜಿನ್ನು ಜಾಣನಾದಾಗ. 1973ರ ತೈಲ ಬಿಕ್ಕಟ್ಟಿನ ನಂತರ ಯುರೋಪಿನಲ್ಲಿ ಡೀಸೆಲ್ ಕಾರುಗಳಿಗೆ ಬೇಡಿಕೆ ಏರಿತು. ಅಂದಿನ ಡೀಸೆಲ್ ಕಾರುಗಳಲ್ಲಿ ಇಂಧನ ಮೊದಲು ಒಂದು ಕಿರುಕೋಣೆಯಲ್ಲಿ ಉರಿದು, ಅಲ್ಲಿಂದ ಸಿಲಿಂಡರಿಗೆ ನುಗ್ಗುತ್ತಿತ್ತು. ಆ ಕೋಣೆಯ ಗೋಡೆ, ಅದರ ಕಿರಿದಾದ ಬಾಯಿ ಸಾಕಷ್ಟು ಶಾಖವನ್ನು ಹೀರಿ ನೀರಿಗೆ ಕೊಡುತ್ತಿದ್ದವು. 1980ರ ದಶಕದ ಕೊನೆಗೆ ಈ ಕಿರುಕೋಣೆಯೇ ಇಲ್ಲದ, ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಡೀಸೆಲ್ ಕಾರುಗಳು ಬಂದವು. 1989ರ ಆಡಿ 100 ಟಿಡಿಐ ಅವುಗಳಲ್ಲಿ ಪ್ರಸಿದ್ಧವಾದದ್ದು. ಈ ಬಗೆಯ ಎಂಜಿನ್ನುಗಳ ದಕ್ಷತೆ ಅನುಕೂಲಕರ ವೇಗದಲ್ಲಿ ಶೇಕಡಾ 40ನ್ನು ದಾಟಿತು. ಊರೊಳಗೆ ನಿಧಾನವಾಗಿ ಸಾಗುವಾಗ ಅವು ಸುಡುವ ಇಂಧನವೇ ಅತ್ಯಲ್ಪ. ಪರಿಣಾಮವಾಗಿ ಹೊರಗೆ ಹಿಮ ಬೀಳುತ್ತಿರುವಾಗ ನೀರು ಬೇಗ ಬಿಸಿಯಾಗುತ್ತಿರಲಿಲ್ಲ. ಗಾಜಿನ ಮೇಲಿನ ಮಂಜು ಕರಗುತ್ತಿರಲಿಲ್ಲ. ಮುಂದಿನ ದಾರಿ ಕಾಣಿಸದಿದ್ದರೆ ಅದು ಬರೀ ಸುಖದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಪರಿಹಾರಗಳು ಬಂದವು. ಕೆಲವು ಕಾರುಗಳಲ್ಲಿ ಗ್ಲೋ ಪ್ಲಗ್ಗುಗಳನ್ನು ತಣಿಸುವ ನೀರಿನಲ್ಲೇ ಮುಳುಗಿಸಿಟ್ಟರು. ಇನ್ನು ಕೆಲವಲ್ಲಿ ಬೇರಿಯಂ ಟೈಟನೇಟ್ ಪಿಂಗಾಣಿಯ ವಿದ್ಯುತ್ ಹೀಟರ್ ಬಂತು. ನಿಗದಿತ ಉಷ್ಣತೆ ತಲುಪಿದೊಡನೆ ಆ ಪಿಂಗಾಣಿಯ ವಿದ್ಯುತ್ ರೋಧ ಥಟ್ಟನೆ ಏರುವುದರಿಂದ ಅದು ತನ್ನನ್ನು ತಾನೇ ಹದದಲ್ಲಿಟ್ಟುಕೊಳ್ಳುತ್ತದೆ. ಮೂರನೆಯದು ಆ ಹಳೆಯ ಇಂಧನದ ಹೀಟರೇ. ಜರ್ಮನರು ಇದನ್ನು ಟ್ಸೂಹೈಟ್ಸರ್, ಅಂದರೆ ಮೇಲುಕಾವು ಕೊಡುವ ಹೀಟರ್, ಎಂದು ಕರೆದರು. ಐದು ಕಿಲೋವ್ಯಾಟ್‌ನ ಇಂಥದ್ದೊಂದು ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 0.6 ಲೀಟರ್ ಡೀಸೆಲ್ ಕುಡಿಯುತ್ತದೆ. ಎಂಜಿನ್ನು ಉಳಿಸಿದ ಡೀಸೆಲ್ಲಿನಲ್ಲಿ ಒಂದು ಪಾಲನ್ನು ಬಾನೆಟ್ಟಿನ ಕೆಳಗಿನ ಪುಟ್ಟ ಒಲೆ ಸುಡುತ್ತಿತ್ತು.

ಈ ಬದಲಾವಣೆ ಕಾನೂನಿನ ಭಾಷೆಯಲ್ಲೂ ದಾಖಲಾಗಿದೆ. ವಾಹನಗಳ ಹೀಟರುಗಳ ಬಗ್ಗೆ 1978ರಲ್ಲಿ ಇದ್ದ ನಿರ್ದೇಶನವನ್ನು ರದ್ದುಮಾಡಿ ಯುರೋಪಿಯನ್ ಒಕ್ಕೂಟ 2001ರಲ್ಲಿ ಹೊಸದನ್ನು ತಂದಿತು. ಅದರಲ್ಲಿ ಎಂಜಿನ್ನಿನ ತ್ಯಾಜ್ಯ ಶಾಖ ಬಳಸುವ ವ್ಯವಸ್ಥೆಗಳು ಮತ್ತು ಇಂಧನ ಸುಡುವ ಹೀಟರುಗಳು ಬೇರೆ ಬೇರೆ ವರ್ಗಗಳಾಗಿವೆ. ಮೈಲೇಜಿನ ಲೆಕ್ಕ ಮಾತ್ರ ಇದನ್ನು ಗಮನಿಸಲಿಲ್ಲ. ಯುರೋಪಿನ ಅಂದಿನ ಅಧಿಕೃತ ಪರೀಕ್ಷೆ ನಡೆಯುತ್ತಿದ್ದದ್ದು 20ರಿಂದ 30 ಡಿಗ್ರಿಯ ಬೆಚ್ಚನೆಯ ಕೋಣೆಯಲ್ಲಿ, ಹೀಟರನ್ನು ಆರಿಸಿಟ್ಟು. ಕಾಗದದ ಮೇಲಿನ ಕಾರಿಗೆ ಚಳಿಗಾಲವೇ ಇರಲಿಲ್ಲ.

ಅಂಥ ಕಾಗದದ ಕಾರಿಗೆ ಹೊಂದುವ ಹವೆ ನಿಜವಾಗಿಯೂ ಇದ್ದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಡೀಸೆಲ್ಲನ್ನು ಹದವರಿತು ಚಿಮ್ಮಿಸುವ ಪಂಪುಗಳನ್ನು ಬಾಷ್ ಕಂಪನಿಯ ತಂತ್ರಜ್ಞಾನದಲ್ಲಿ ತಯಾರಿಸಿದ ಮೈಕೋ 1951ರಲ್ಲಿ ಆರಂಭವಾದದ್ದು ಇಲ್ಲಿ. ಆಡುಗೋಡಿಯ ಕಾರ್ಖಾನೆಯಿಂದ ಹೊರಟ ಪಂಪುಗಳು ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಸೇರಿದವು. ಜರ್ಮನಿಯ ಚಾಲಕನ ಕಾಲು ಮರಗಟ್ಟಿಸಿದ ಪ್ರಶ್ನೆ ದಕ್ಷಿಣದ ನಮಗೆ ಎದುರಾಗಲೇ ಇಲ್ಲ. ಎಂಜಿನ್ನಿನ ಕಾವು ಕ್ಯಾಬಿನ್ನಿಗೆ ಬರುವುದು ಇಲ್ಲಿಯ ಲಾರಿ ಚಾಲಕನಿಗೆ ಉಪದ್ರವ. ಅದೇ ಶಾಖ ಒಂದು ಅಕ್ಷಾಂಶದಲ್ಲಿ ಕಸ, ಇನ್ನೊಂದರಲ್ಲಿ ಆಸ್ತಿ.

ವಿದ್ಯುತ್ ಕಾರು ಬಂದಾಗ ಪ್ರಶ್ನೆ ಇನ್ನಷ್ಟು ಬೆತ್ತಲಾಯಿತು. ಅದರ ಮೋಟಾರಿನ ದಕ್ಷತೆ ಶೇಕಡಾ 90ಕ್ಕೂ ಹೆಚ್ಚು, ಕದಿಯಲು ಕಾವೇ ಇಲ್ಲ. ವೋಲ್ವೊ ತನ್ನ ಸಿ30 ಎಲೆಕ್ಟ್ರಿಕ್ ಕಾರಿನಲ್ಲಿ ಜೈವಿಕ ಎಥನಾಲ್ ಸುಡುವ ಹೀಟರನ್ನೇ ಇಟ್ಟಿತು. ಹೊಗೆ ಬಿಡದ ಬಸ್ಸೆಂದು ಯುರೋಪಿನ ಹಲವು ನಗರಗಳಲ್ಲಿ ಓಡಿದ ವಿದ್ಯುತ್ ಬಸ್ಸುಗಳಲ್ಲಿ ಪ್ರಯಾಣಿಕರನ್ನು ಬೆಚ್ಚಗಿಟ್ಟದ್ದು ಡೀಸೆಲ್ ಹೀಟರುಗಳು. ಬ್ಯಾಟರಿಯ ಶಕ್ತಿಯನ್ನೇ ಕಾವಿಗೆ ಬಳಸಿದ ಕಾರುಗಳು ಚಳಿಯಲ್ಲಿ ಕಡಿಮೆ ದೂರ ಓಡಿದವು. ಆಮೇಲೆ ನಿಸ್ಸಾನ್ ಲೀಫ್, ರೆನೋ ಝೋಯಿಯಂಥ ಕಾರುಗಳಲ್ಲಿ ಹೀಟ್ ಪಂಪ್ ಬಂತು. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ತಣ್ಣನೆಯ ಗಾಳಿಯಲ್ಲಿರುವುದನ್ನೇ ಎಳೆದು ಒಳಗೆ ತರುತ್ತದೆ. ತೀರಾ ಕೊರೆಯುವ ಚಳಿ ಇಲ್ಲದಿದ್ದರೆ ಒಂದು ಪಾಲು ವಿದ್ಯುತ್ತಿಗೆ ಎರಡು ಮೂರು ಪಾಲು ಕಾವು ಸಿಗುತ್ತದೆ.

ಹಳೆಯ ಎಂಜಿನ್ನೇ ಒಳ್ಳೆಯದಿತ್ತು ಎಂದು ಇದರರ್ಥವಲ್ಲ. ವರ್ಷವಿಡೀ ನಾಲ್ಕರಲ್ಲಿ ಮೂರು ಪಾಲು ಇಂಧನವನ್ನು ಗಾಳಿಗೆ ತೂರಿ, ಚಳಿಗಾಲದ ಕೆಲವು ತಿಂಗಳು ಕಾಲು ಕಾಯಿಸಿಕೊಳ್ಳುವುದು ಜಾಣತನವಲ್ಲ. ಹೀಟರಿಗೆ ಬೇಕಾದಷ್ಟನ್ನು ಕೇಳಿ ಸುಡುವುದು ಇದಕ್ಕಿಂತ ಮಿತವ್ಯಯವೇ. ನನ್ನ ತಕರಾರಿರುವುದು ಲೆಕ್ಕದ ಪುಸ್ತಕದ ಬಗ್ಗೆ. ದಕ್ಷತೆ ಎಂಬುದು ಎಂಜಿನ್ನಿಗೆ ಅಂಟಿಕೊಂಡ ಗುಣವೆಂದು ನಾವು ಓದುತ್ತೇವೆ. ಅದು ನಿಜಕ್ಕೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಆಗ್ಸ್‌ಬರ್ಗ್‌ನಲ್ಲಿ ಶ್ರೋಟರ್ ಕೇಳಿದ್ದು ಎಷ್ಟು ಕೆಲಸ ಆಯಿತು ಎಂದು. ಒಳಗೆ ಕೂತವರಿಗೆ ಚಳಿಯಾಯಿತೇ ಎಂದು ಆ ಪರೀಕ್ಷೆ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆ ಪ್ರಶ್ನೆ ಎಂಜಿನಿಯರುಗಳ ಮೇಜಿಗೆ ಬಂದದ್ದು ಬಿಟ್ಟಿ ಕಾವು ಮುಗಿದ ಮೇಲೆ.