ಕಾಣೆಯಾಗುವ ಟೆಂಪ್ಲೇಟ್: ಒಂದು ಸಾಲಿನ ಚರಿತ್ರೆ

ವರ್ಡ್‌ಪ್ರೆಸ್‌ನಲ್ಲಿ ಸ್ವಂತ ಥೀಮ್ ಕಟ್ಟುವವರನ್ನು ಬಹುಕಾಲದಿಂದ ಕಾಡುವ ತೊಂದರೆಯೊಂದಿದೆ: ಪುಟದ ಟೆಂಪ್ಲೇಟ್ ಕಡತ ಸರ್ವರಿನಲ್ಲಿರುತ್ತದೆ, ಆಯ್ಕೆಯ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಇದನ್ನು ಬರೆದವರ ಅಜಾಗರೂಕತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಇದರ ಬೇರು 2005ರ ಫೆಬ್ರುವರಿಯಲ್ಲಿ ಬಂದ 1.5ನೇ ಆವೃತ್ತಿಯಲ್ಲಿದೆ, ಥೀಮ್‌ಗಳೂ ಸ್ಥಿರ ಪುಟಗಳೂ ಕಾಲಿಟ್ಟದ್ದು ಅದರಲ್ಲೇ. ಅಂದಿನಿಂದಲೂ ಪಿಎಚ್‌ಪಿ ಟೆಂಪ್ಲೇಟನ್ನು ಎಲ್ಲಿಯೂ ನೋಂದಾಯಿಸಬೇಕಿಲ್ಲ. ಕಡತದ ತಲೆಯ ಟಿಪ್ಪಣಿಯಲ್ಲಿ ‘ಟೆಂಪ್ಲೇಟ್ ನೇಮ್’ ಎಂದು ಇಂಗ್ಲಿಷಿನಲ್ಲಿ ಬರೆದು ಹೆಸರು ಕೊಟ್ಟರೆ ಸಾಕು. ಪಿಎಚ್‌ಪಿ ಓದದೆ ಬಿಡುವ ಟಿಪ್ಪಣಿಯೇ ಇಲ್ಲಿ ಗುರುತಿನ ಚೀಟಿ. ಆದ್ದರಿಂದಲೇ ಆ ಸಾಲು ತಪ್ಪಿದರೆ, ಅಥವಾ ಕಡತ ಒಂದಕ್ಕಿಂತ ಹೆಚ್ಚು ಫೋಲ್ಡರ್‌ಗಳ ಆಳಕ್ಕಿಳಿದರೆ, ದೋಷದ ಸೂಚನೆಯೇ ಇಲ್ಲದೆ ಟೆಂಪ್ಲೇಟ್ ಮರೆಯಾಗುತ್ತದೆ.

ಎಲ್ಲ ತಪ್ಪೂ ಆ ಸಾಲಿನದಲ್ಲ ಎಂಬ ಆಕ್ಷೇಪ ಬರಬಹುದು. ನಿಜ. 2017ರ ನವೆಂಬರಿನ 4.9ನೇ ಆವೃತ್ತಿ ಥೀಮ್ ಕಡತಗಳ ಪಟ್ಟಿಯನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿದ್ದರಿಂದ, ಸರಿಯಾಗಿಯೇ ಬರೆದ ಹೊಸ ಟೆಂಪ್ಲೇಟ್‌ಗಳೂ ಕಾಣದೆ ಹೋದವು. ತಿಂಗಳ ಕೊನೆಗೆ 4.9.1 ಅದನ್ನು ಸರಿಪಡಿಸಿತು. ಆದರೆ ಈ ಪ್ರಸಂಗ ನನ್ನ ವಾದವನ್ನೇ ಗಟ್ಟಿಮಾಡುತ್ತದೆ: ನೋಂದಣಿಯಿಲ್ಲದ ವ್ಯವಸ್ಥೆ ಕಡತಗಳನ್ನು ಮತ್ತೆ ಮತ್ತೆ ಹುಡುಕಲೇಬೇಕು, ಆ ಶ್ರಮ ಉಳಿಸಲು ಹೊರಟರೆ ಹೊಸದು ತಪ್ಪಿಹೋಗುತ್ತದೆ. ಹಾಗೆಂದು ನೋಂದಣಿ ಬೇಡವೆಂಬ ಮೊದಲ ನಿರ್ಧಾರ ತಪ್ಪೆನ್ನಲಾಗದು. ಪ್ರೋಗ್ರಾಮಿಂಗ್ ಕಲಿಯದವರೂ ಥೀಮ್ ಕಟ್ಟಲು ಧೈರ್ಯ ಮಾಡಿದ್ದು ಆ ಸರಳತೆಯಿಂದಲೇ. ಅದಕ್ಕೆ ತೆತ್ತ ಬೆಲೆ ಮೌನವಾದ ವೈಫಲ್ಯ. ಈ ಚರಿತ್ರೆ ತಿಳಿದವರು ಮೊದಲು ಟಿಪ್ಪಣಿಯ ಸಾಲನ್ನು, ಬಳಿಕ ಕಡತದ ಜಾಗವನ್ನು, ಕೊನೆಗೆ ಕ್ಯಾಶನ್ನು ನೋಡುತ್ತಾರೆ.